ಬೇಗೋಮ: ಜಪಾನಿನ ಜಗಳಗಂಟ ಬುಗುರಿಯನ್ನು ಆಡುವುದು ಹೇಗೆ?

ಸುಮಾರು ಮೂರು ಸೆಂಟಿಮೀಟರ್ ಅಗಲದ ಎರಕದ ಕಬ್ಬಿಣದ ತುಂಡು. ಹಿಡಿದು ತಿರುಗಿಸಲು ಕಡ್ಡಿ ಇಲ್ಲ, ಕೆಳಗೆ ಮೊಳೆ ಇಲ್ಲ. ಮೊದಲ ಸಲ ನೋಡಿದವರು ಇದು ಬುಗುರಿ ಅಂದರೆ ನಂಬುವುದೇ ಇಲ್ಲ, ಯಾವುದೋ ಮಿಷಿನ್ನಿಂದ ಕಳಚಿ ಬಿದ್ದ ನಟ್ಟು ಅಂದುಕೊಳ್ಳುತ್ತಾರೆ. ಆದರೆ ಜಪಾನಿನ ಗಲ್ಲಿಗಳಲ್ಲಿ ಮೂರು ನಾಲ್ಕು ತಲೆಮಾರಿನ ಹುಡುಗರು ಇದಕ್ಕಾಗಿ ಊಟ ಬಿಟ್ಟಿದ್ದಾರೆ, ಏಟು ತಿಂದಿದ್ದಾರೆ. ಇದರ ಹೆಸರು ಬೇಗೋಮ.

ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಬೇಬ್ಲೇಡ್ ಗೊತ್ತೇ ಇರುತ್ತದೆ. 1999ರಲ್ಲಿ ತಕಾರಾ ಕಂಪನಿ ಮಾರುಕಟ್ಟೆಗೆ ತಂದ ಆ ಪ್ಲಾಸ್ಟಿಕ್ ಬುಗುರಿ ಹುಟ್ಟಿದ್ದೇ ಬೇಗೋಮದಿಂದ. ಬೇಬ್ಲೇಡ್ ತಿರುಗಿಸಲು ಲಾಂಚರ್ ಇದೆ, ಪಟ್ಟಿ ಎಳೆದರೆ ಆಯಿತು. ಐದು ವರ್ಷದ ಮಗುವೂ ಮೊದಲ ದಿನವೇ ಆಡುತ್ತದೆ. ಬೇಗೋಮ ಹಾಗಲ್ಲ. ಮೊದಲ ದಿನ ಅದು ತಿರುಗುವುದೇ ಅನುಮಾನ.

ನನಗೆ ಕೇಳಿದರೆ ಇದರ ಹುಚ್ಚು ಹಿಡಿಯುವುದೇ ಅಲ್ಲಿ. ಅಂಗಡಿಯಿಂದ ತಂದಾಗ ಬೇಗೋಮ ಅರ್ಧ ಮಾತ್ರ ತಯಾರಾದ ಆಟಿಕೆ. ದಾರ ನೀವೇ ಕತ್ತರಿಸಿ ಗಂಟು ಹಾಕಬೇಕು. ಆಡುವ ಕಣ ನೀವೇ ಕಟ್ಟಬೇಕು. ಅಂಚು ಉಜ್ಜಿ ಹರಿತ ಮಾಡುವುದೂ ನೀವೇ. ಉಳಿದ ಅರ್ಧ ಮುಗಿಯುವ ಹೊತ್ತಿಗೆ ಆ ಕಬ್ಬಿಣದ ತುಂಡು ಪೂರ್ತಿ ನಿಮ್ಮದಾಗಿರುತ್ತದೆ. ಆಮೇಲೆ ಅದನ್ನು ಸೋತು ಬೇರೆಯವರಿಗೆ ಕೊಡುವ ಸಂಕಟ ಇದೆಯಲ್ಲ, ಆ ಮಾತಿಗೆ ಮುಂದೆ ಬರುತ್ತೇನೆ.

ಚಿಪ್ಪಿನಿಂದ ಕಬ್ಬಿಣಕ್ಕೆ

ಮೊದಲು ಇದು ಕಬ್ಬಿಣದ್ದಾಗಿರಲಿಲ್ಲ. ಸಮುದ್ರದ ಒಂದು ಬಗೆಯ ಸುರುಳಿ ಚಿಪ್ಪಿನೊಳಗೆ ಮರಳನ್ನೋ ಜೇಡಿಮಣ್ಣನ್ನೋ ತುಂಬಿ, ಮೇಣ ಕರಗಿಸಿ ಬಾಯಿ ಮುಚ್ಚಿ, ದಾರ ಸುತ್ತಿ ತಿರುಗಿಸುತ್ತಿದ್ದರು. ಕ್ಯೋಟೋ, ಒಸಾಕಾ ಕಡೆಯ ಈ ಆಟ ಪೂರ್ವಕ್ಕೆ, ಈಗಿನ ಟೋಕಿಯೋ ಸುತ್ತಮುತ್ತಲಿಗೆ ಹಬ್ಬಿತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಚಿಪ್ಪಿನ ಜಾಗಕ್ಕೆ ಎರಕದ ಕಬ್ಬಿಣ ಬಂತು. ಇವತ್ತಿನ ಬೇಗೋಮವನ್ನು ಮಗುಚಿ ನೋಡಿ, ತಳದಲ್ಲಿ ಸುರುಳಿ ಗೆರೆ ಕಾಣುತ್ತದೆ. ಆ ಹಳೇ ಚಿಪ್ಪಿನ ಸುರುಳಿಯೇ ಅದು. ಬರೀ ಅಲಂಕಾರ ಅಂತ ಬಿಡಬೇಡಿ, ದಾರ ಜಾರದೆ ಕೂರುವುದು ಆ ಗೆರೆಗಳ ಮೇಲೆಯೇ.

ಎರಡನೇ ಮಹಾಯುದ್ಧದ ಕಾಲಕ್ಕೆ ಲೋಹವೆಲ್ಲ ಸೇನೆಯ ಪಾಲಾಯಿತು. ಆಗ ಪಿಂಗಾಣಿ ಮತ್ತು ಗಾಜಿನ ಬೇಗೋಮಗಳು ಬಂದವು. ಯುದ್ಧ ಮುಗಿದ ಮೇಲೆ ಕಬ್ಬಿಣ ವಾಪಸ್ ಬಂತು, ಆಟಕ್ಕೆ ಭಾರಿ ಸುಗ್ಗಿಯೂ ಬಂತು. ಬುಗುರಿಯ ಮುಖದ ಮೇಲೆ, ಅಂದರೆ ಮೇಲಿನ ಚಪ್ಪಟೆ ಭಾಗದಲ್ಲಿ, ಬೇಸ್‌ಬಾಲ್ ಆಟಗಾರರ, ಸುಮೋ ಜಟ್ಟಿಗಳ ಹೆಸರು ಎರಕ ಹೊಯ್ದು ಮಾರಿದರು. ಮಿಠಾಯಿ, ಸಣ್ಣಪುಟ್ಟ ಆಟಿಕೆ ಮಾರುವ ಬೀದಿ ಬದಿಯ ಪುಟ್ಟ ಅಂಗಡಿಗಳಲ್ಲಿ ಇವು ರಾಶಿ ಬಿದ್ದಿರುತ್ತಿದ್ದವು.

ಈ ಎರಕದ ಕೆಲಸಕ್ಕೆ ಹೆಸರಾದ ಊರು ಕವಾಗುಚಿ. ಟೋಕಿಯೋದಿಂದ ಉತ್ತರಕ್ಕೆ ಅರಾಕಾವಾ ನದಿ ದಾಟಿದರೆ ಸಿಗುತ್ತದೆ, ಸೈತಾಮಾ ಪ್ರಾಂತ್ಯಕ್ಕೆ ಸೇರಿದ್ದು. ಎರಕದ ಕುಲುಮೆಗಳಿಂದಲೇ ಬೆಳೆದ ಊರು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜ್ಯೋತಿ ಉರಿದ ಬೃಹತ್ ಕುಂಡವನ್ನು ಎರಕ ಹೊಯ್ದದ್ದೂ ಇಲ್ಲಿಯವರೇ. ಒಂದು ಕಡೆ ಒಲಿಂಪಿಕ್ ಕುಂಡ, ಇನ್ನೊಂದು ಕಡೆ ಹುಡುಗರ ಜೇಬಿನ ಬುಗುರಿ!

ಯಾವುದನ್ನು ಕೊಳ್ಳಬೇಕು?

ಬೇಗೋಮದಲ್ಲಿ ಹಲವು ಆಕಾರಗಳಿವೆ. ಹೊಸಬರು ಮೂರನ್ನು ತಿಳಿದುಕೊಂಡರೆ ಸಾಕು. ದುಂಡಗಿನದು ಮಾರುರೊಕು. ಆರು ಮೂಲೆಯದು ಕಾಕುರೊಕು. ತೀರಾ ಚಪ್ಪಟೆಯಾಗಿ, ನೆಲಕ್ಕೆ ಅಂಟಿಕೊಂಡಂತೆ ತಿರುಗುವುದು ಪೆಚಾ. ಎತ್ತರದ ಜಾತಿಗಳೂ ಇವೆ, ಅವಕ್ಕೆ ದಾರ ಸುತ್ತುವುದು ಸುಲಭ.

ಅಂಗಡಿಯಲ್ಲಿ ನಿಂತವರಿಗೆಲ್ಲ ಮೊದಲು ಪೆಚಾ ಮೇಲೆ ಕಣ್ಣು ಹೋಗುತ್ತದೆ. ಕಾದಾಟದಲ್ಲಿ ಗೆಲ್ಲುವುದು ಅದೇ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಅದರ ತಳದ ಎತ್ತರ ತೀರಾ ಕಮ್ಮಿ. ದಾರ ನಿಲ್ಲಲು ಜಾಗವೇ ಇಲ್ಲ, ಸುತ್ತುತ್ತಾ ಸುತ್ತುತ್ತಾ ಜಾರಿ ಬಿಡುತ್ತದೆ. ಕಲಿಯುವಾಗ ಎತ್ತರದ ಒಂದು, ಮಾರುರೊಕು ಒಂದು ಇಟ್ಟುಕೊಳ್ಳಿ. ಕೈ ಕುದುರಿದ ಮೇಲೆ ಕಾಕುರೊಕು, ಆಮೇಲೆ ಪೆಚಾ.

ದಾರ ಮತ್ತು ಗಂಟು

ನೂಲಿನ ಹುರಿಯೇ ಬೇಕು. ನೈಲಾನ್ ನೋಡಲು ಗಟ್ಟಿ, ಆದರೆ ಕಬ್ಬಿಣದ ಮೇಲೆ ಹಿಡಿತ ಸಿಗುವುದಿಲ್ಲ. ನಮ್ಮ ಬುಗುರಿ ಚಾಟಿ ಮನೆಯಲ್ಲಿ ಇದ್ದರೆ ಅದು ಸಾಮಾನ್ಯವಾಗಿ ಇದಕ್ಕೆ ದಪ್ಪ ಜಾಸ್ತಿ. ಸುಮಾರು ಮೂರು ಮಿಲಿಮೀಟರ್ ದಪ್ಪದ ಹುರಿ ಹುಡುಕಿ, 60ರಿಂದ 70 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ.

ಈಗ ಒಂದು ತುದಿಗೆ ಗಂಟು ಹಾಕಿ. ಅದರಿಂದ ಎರಡು ಸೆಂಟಿಮೀಟರ್ ಆಚೆಗೆ ಇನ್ನೊಂದು. ಈ ದೂರ ಶಾಸ್ತ್ರವೇನಲ್ಲ. ಬೇಗೋಮದ ಮೊನೆಯನ್ನು, ಅಂದರೆ ತಳದ ನಡುವಿನ ಚೂಪು ಭಾಗವನ್ನು, ಎರಡು ಗಂಟುಗಳ ನಡುವೆ ಇಟ್ಟಾಗ ಆಚೆ ಒಂದು, ಈಚೆ ಒಂದು ಗಂಟು ತಳಕ್ಕೆ ತಾಗಿ ಕೂರಬೇಕು, ಅಷ್ಟೇ. ಗಂಟು ಸಣ್ಣದಾದರೆ ಸುತ್ತು ನಿಲ್ಲುವುದಿಲ್ಲ, ಆಗ ಅದೇ ಜಾಗದಲ್ಲಿ ಮತ್ತೊಂದು ಸಲ ಗಂಟು ಹಾಕಿ ದಪ್ಪ ಮಾಡಿಕೊಳ್ಳಿ.

ಎರಡು ಗಂಟಿನ ಈ ಸುತ್ತಿಗೆ ಜಪಾನಿನಲ್ಲಿ ಹೆಂಗಸರ ಸುತ್ತು ಅಂತಲೂ, ಒಂದೇ ಗಂಟಿನ ಕಷ್ಟದ ಸುತ್ತಿಗೆ ಗಂಡಸರ ಸುತ್ತು ಅಂತಲೂ ಹೆಸರು. ಹಳೇ ಕಾಲದ ಬಿಂಕ, ಬಿಡಿ. ಗೆಲ್ಲುವವರಲ್ಲಿ ಎರಡು ಗಂಟಿನವರೂ ಬೇಕಾದಷ್ಟಿದ್ದಾರೆ.

ಸುತ್ತುವುದು

ಇಲ್ಲಿ ಅವಸರ ಬೇಡ. ಆಟದ ಮುಕ್ಕಾಲು ಭಾಗ ಇದೇ.

ಹುರಿಯ ಗಂಟಿನ ಕಡೆಯನ್ನು ನೀರಲ್ಲಿ ಅದ್ದಿ ಹಿಂಡಿ. ಹುಡುಗರು ಬಾಯಲ್ಲಿಟ್ಟು ಒದ್ದೆ ಮಾಡುತ್ತಿದ್ದರು, ನೀವು ಬಟ್ಟಲಲ್ಲಿ ನೀರಿಟ್ಟುಕೊಳ್ಳಿ. ಒದ್ದೆ ಹುರಿ ಕಬ್ಬಿಣವನ್ನು ಹಿಡಿಯುತ್ತದೆ, ಒಣ ಹುರಿ ಜಾರುತ್ತದೆ.

ಬೇಗೋಮವನ್ನು ಎಡಗೈಯಲ್ಲಿ ಮೊನೆ ಮೇಲಾಗಿ ಹಿಡಿಯಿರಿ. ಎರಡು ಗಂಟುಗಳು ಮೊನೆಯ ಆಚೀಚೆ ಬರುವಂತೆ ಹುರಿಯನ್ನು ತಳದ ಮೇಲೆ ಅಡ್ಡ ಇಡಿ. ಎಡಗೈ ಹೆಬ್ಬೆರಳಿನಿಂದ ಒಂದು ಗಂಟನ್ನು ಒತ್ತಿ ಹಿಡಿಯಿರಿ. ಈಗ ಉದ್ದದ ಕಡೆಯನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಎರಡೂ ಗಂಟುಗಳ ಹೊರಗಿನಿಂದ ಒಂದು ಸುತ್ತು ತನ್ನಿ. ಈ ಮೊದಲ ಸುತ್ತು ಬಿಗಿಯಾಗಿ ಬರಬೇಕು. ಗಂಟುಗಳು ಅದರೊಳಗೆ ಸಿಕ್ಕಿಬಿದ್ದಂತಾಗಬೇಕು. ಸಿಕ್ಕಿದ್ದು ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿಯವರೆಗೆ ಅಲುಗುತ್ತಿದ್ದ ಹುರಿ ಇದ್ದಕ್ಕಿದ್ದಂತೆ ಕಚ್ಚಿಕೊಳ್ಳುತ್ತದೆ. ಎರಡನೇ ಸುತ್ತೂ ಬಿಗಿ. ಮೂರನೆಯದರಿಂದ ಕೈ ಸ್ವಲ್ಪ ಸಡಿಲ ಮಾಡಿ, ಒಂದರ ಪಕ್ಕ ಒಂದು ಅಂಚಿನ ಕಡೆಗೆ ಸುತ್ತುತ್ತಾ ಹೋಗಿ. ಒಂದರ ಮೇಲೊಂದು ಹತ್ತಬಾರದು.

ಎಲ್ಲವನ್ನೂ ಬಿಗಿಯಾಗಿ ಎಳೆದರೆ ಒಳ್ಳೆಯದಲ್ವಾ ಅನಿಸುತ್ತದೆ. ಹಾಗೆ ಮಾಡಿದರೆ ಹೊರಗಿನ ಸುತ್ತು ಒಳಗಿನದನ್ನು ತಳ್ಳಿ, ಪೂರ್ತಿ ಸುರುಳಿ ಮೊನೆಯ ಕಡೆಯಿಂದ ಕಳಚಿ ಬರುತ್ತದೆ. ಒಳಗೆ ಬಿಗಿ, ಹೊರಗೆ ಹಗುರ.

ಎಡಗೈಯವರು ಇದನ್ನೆಲ್ಲ ತಿರುಗಿಸಿ ಮಾಡಿ: ಬಲಗೈಯಲ್ಲಿ ಹಿಡಿದು, ಗಡಿಯಾರದ ಎದುರು ದಿಕ್ಕಿನಲ್ಲಿ ಸುತ್ತು. ನಿಮಗೆ ಆಟದಲ್ಲಿ ಒಂದು ವಿಶೇಷ ಅನುಕೂಲ ಕಾದಿದೆ.

ಕಣ ಕಟ್ಟುವುದು

ಬೇಗೋಮವನ್ನು ನೆಲದ ಮೇಲೆ ಆಡುವುದಿಲ್ಲ. ಬಕೆಟ್ಟಿನ ಅಥವಾ ಪೀಪಾಯಿಯ ಬಾಯಿಗೆ ದಪ್ಪ ಬಟ್ಟೆ ಕಟ್ಟಿ ಕಣ ಮಾಡುತ್ತಾರೆ. ಅದಕ್ಕೆ ತೋಕೊ ಅಂತ ಹೆಸರು. ಜಪಾನಿನಲ್ಲಿ ಉಪ್ಪಿನಕಾಯಿ ಹಾಕುವ ದೊಡ್ಡ ಪ್ಲಾಸ್ಟಿಕ್ ಡಬ್ಬ ಈಗ ಇದಕ್ಕೆ ಬಳಕೆ.

ನಮ್ಮಲ್ಲಿ ಬಟ್ಟೆ ನೆನೆಸುವ ಟಬ್ ಸಾಕು. ಬಾಯಿ 40ರಿಂದ 45 ಸೆಂಟಿಮೀಟರ್ ಇದ್ದರೆ ಒಳ್ಳೆಯದು. ಪೇಂಟ್ ಬಕೆಟ್ಟೂ ಆಗುತ್ತದೆ, ಆದರೆ ಅದು ಚಿಕ್ಕದು, ಇಬ್ಬರಿಗಷ್ಟೇ. ಒಳಗೆ ಎರಡು ಇಟ್ಟಿಗೆ ಇಡಿ, ಇಲ್ಲದಿದ್ದರೆ ಎಸೆದಾಗ ಟಬ್ಬೇ ಓಡಾಡುತ್ತದೆ. ಮೇಲೆ ಟಾರ್ಪಾಲಿನ ತುಂಡು ಅಥವಾ ದಪ್ಪ ಕ್ಯಾನ್ವಾಸ್ ಹಾಸಿ, ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತ ಬಿಗಿದು ಕಟ್ಟಿ.

ಕಟ್ಟಿದ ಮೇಲೆ ಅಂಗೈಯಿಂದ ನಡುವೆ ಒತ್ತಿ ಎರಡು ಬೆರಳು ತಗ್ಗು ಮಾಡಿ. ಈ ತಗ್ಗು ಮುಖ್ಯ. ಬಟ್ಟೆ ತಮಟೆಯಂತೆ ಬಿಗಿದುಕೊಂಡರೆ ಬುಗುರಿಗಳು ತಮ್ಮ ಪಾಡಿಗೆ ತಾವು ತಿರುಗಿ ಆಚೆ ಬೀಳುತ್ತವೆ, ಜಗಳವೇ ಆಗುವುದಿಲ್ಲ. ತಗ್ಗು ಜಾಸ್ತಿಯಾದರೆ ಎಸೆದ ತಕ್ಷಣ ನಡುವೆ ಬಂದು ಗುದ್ದಿಕೊಂಡು ಆಟ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ನಡುವೆ ಎಲ್ಲೋ ಒಂದು ಕಡೆ, ಬುಗುರಿಗಳು ನಿಧಾನಕ್ಕೆ ಸುತ್ತು ಹಾಕುತ್ತಾ ಹತ್ತಿರ ಬರುವಂತಿರಬೇಕು. ಎರಡು ಮೂರು ಸಲ ಬಿಚ್ಚಿ ಕಟ್ಟಿದರೆ ಹದ ಸಿಗುತ್ತದೆ.

ಎಸೆಯುವುದು

ಸುತ್ತಿ ಉಳಿದ ಹುರಿಯನ್ನು ಬಲಗೈ ಕಿರುಬೆರಳಿಗೆ ಒಂದೆರಡು ಸುತ್ತು ಹಾಕಿಕೊಳ್ಳಿ, ಕೈ ಬಿಟ್ಟು ಹೋಗಬಾರದು. ಹೆಬ್ಬೆರಳು ಬೇಗೋಮದ ಮುಖದ ಮೇಲೆ, ತೋರುಬೆರಳು ಮತ್ತು ನಡುಬೆರಳು ಹುರಿ ಸುತ್ತಿದ ಕಡೆ. ಮೊನೆ ಕೆಳಗೆ. ಮುಖ ನೆಲಕ್ಕೆ ಸಮವಾಗಿರಲಿ.

ತೋಕೊದಿಂದ ಒಂದು ಹೆಜ್ಜೆ ಹಿಂದೆ ನಿಲ್ಲಿ. ಕೈಯನ್ನು ಬಟ್ಟೆಗಿಂತ ಒಂದು ಗೇಣು ಮೇಲೆ ತಂದು, ಮುಂದಕ್ಕೆ ಚಾಚಿ ಬೇಗೋಮ ಬಿಡಿ. ಬಿಟ್ಟ ಮರುಕ್ಷಣ ಕೈ ಹಿಂದಕ್ಕೆ ಎಳೆಯಿರಿ. ತಿರುಗುವ ವೇಗ ಬರುವುದು ಈ ಎಳೆತದಿಂದ, ಎಸೆತದಿಂದಲ್ಲ. ಬುಗುರಿ ಆಡಿ ಗೊತ್ತಿದ್ದವರು ಇಲ್ಲಿಯೇ ಎಡವುತ್ತಾರೆ. ನಮ್ಮ ಬುಗುರಿಗೆ ತೋಳಿನ ಬೀಸು ಬೇಕು, ನೆಲಕ್ಕೆ ಕುಕ್ಕುವ ರಭಸ ಬೇಕು. ಬೇಗೋಮಕ್ಕೆ ಮಣಿಕಟ್ಟಿನ ಕೆಲಸ ಸಾಕು. ಜೋರಾಗಿ ಎಸೆದರೆ ಬಟ್ಟೆಗೆ ಬಡಿದು ಪುಟಿದು ಹೊರಗೆ ಹೋಗುತ್ತದೆ.

ತಪ್ಪಿದಾಗ ಹೇಗೆ ತಪ್ಪಿತು ಅಂತ ನೋಡಿ, ಕಾರಣ ಅದರಲ್ಲೇ ಇರುತ್ತದೆ. ಬುಗುರಿ ಹುರಿಗೆ ನೇತಾಡಿಕೊಂಡೇ ವಾಪಸ್ ಬಂತಾ? ಗಂಟು ಸಿಕ್ಕಿಕೊಂಡಿದೆ, ಮೊದಲ ಸುತ್ತನ್ನು ಒಂಚೂರು ಸಡಿಲಿಸಿ. ಕೈ ಬಿಡುವ ಮೊದಲೇ ಹುರಿ ಬಿಚ್ಚಿಕೊಂಡಿತಾ? ಹುರಿ ಒಣಗಿದೆ. ತಿರುಗುತ್ತದೆ, ಆದರೆ ಮಗ್ಗುಲಾಗಿ ಬೀಳುತ್ತದೆ ಅಂದರೆ ಬಿಡುವಾಗ ಕೈ ವಾಲಿದೆ. ನೆಟ್ಟಗೆ ಬಿದ್ದರೂ ಬೇಗ ಸುಸ್ತಾದರೆ ಎಳೆತ ತಡವಾಗಿದೆ.

ಕಲಿಯುವಾಗ ಮಕ್ಕಳನ್ನು ಎದುರಿಗೆ ನಿಲ್ಲಿಸಬೇಡಿ. ಇದು ಕಬ್ಬಿಣ. ತಪ್ಪಿ ಹಾರಿದರೆ ಹಲ್ಲಿಗೂ ಕಣ್ಣಿಗೂ ಅಪಾಯ. ಟೈಲ್ಸ್ ಹಾಕಿದ ಹಾಲ್‌ನಲ್ಲಂತೂ ಬೇಡವೇ ಬೇಡ, ಟೈಲ್ಸ್ ಒಡೆಯುತ್ತದೆ. ಟೆರೇಸ್ ಒಳ್ಳೆಯದು.

ಕಾದಾಟದ ನಿಯಮ

ತೋಕೊ ಸುತ್ತ ಇಬ್ಬರು, ಮೂವರು, ಜಾಗವಿದ್ದರೆ ಆರು ಜನ ನಿಲ್ಲುತ್ತಾರೆ. ಒಟ್ಟಿಗೆ ಕೂಗಿ ಒಟ್ಟಿಗೆ ಎಸೆಯಬೇಕು. ಕೊನೆಯವರೆಗೆ ಕಣದೊಳಗೆ ತಿರುಗುತ್ತಾ ಉಳಿದವರು ಗೆದ್ದರು. ಹೊರಗೆ ಹಾರಿದರೆ ಸೋಲು, ಒಳಗೇ ನಿಂತುಹೋದರೂ ಸೋಲು. ಎರಡು ಬುಗುರಿ ಗುದ್ದಿ ಎರಡೂ ಒಟ್ಟಿಗೆ ಹೊರಗೆ ಹಾರಿದರೆ ಮತ್ತೆ ಎಸೆಯಬೇಕು. ಒಂದು ಕ್ಷಣ ತಡ ಮಾಡಿ ಎಸೆದರೆ ಬೇರೆಯವರ ಬುಗುರಿ ಎಲ್ಲಿದೆ ಅಂತ ನೋಡಿ ಗುರಿ ಇಡಬಹುದು. ಹಾಗಾಗಿ ತಡವಾಗಿ ಎಸೆಯುವವರ ಮೇಲೆ ಎಲ್ಲರ ಕಣ್ಣು, ಜಗಳಗಳೂ ಜಾಸ್ತಿ ಅಲ್ಲೇ.

ಇದೆಲ್ಲ ಸುಮ್ನೆ ಆಟ. ನಿಜವಾದ ವಿಷಯ ಬೇರೆ. ಜಪಾನಿನ ಮಕ್ಕಳು ಆಟ ಶುರು ಮಾಡುವ ಮೊದಲು ಒಂದು ಮಾತು ತೀರ್ಮಾನ ಮಾಡಿಕೊಳ್ಳುತ್ತಿದ್ದರು: ಇವತ್ತು ಹೊಂಕೊ ಆಟವೋ, ಉಸೊಕೊ ಆಟವೋ? ಉಸೊಕೊ ಅಂದರೆ ಆಟ ಮುಗಿದ ಮೇಲೆ ಅವರವರ ಬುಗುರಿ ಅವರವರಿಗೆ. ಹೊಂಕೊ ಅಂದರೆ ಗೆದ್ದವನಿಗೆ ಸೋತವರ ಬುಗುರಿಗಳೆಲ್ಲ ಸೇರುತ್ತವೆ. ಗೋಲಿ ಆಡಿ ಜೇಬು ಖಾಲಿ ಮಾಡಿಕೊಂಡು ಮನೆಗೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಾರಗಟ್ಟಲೆ ಉಜ್ಜಿ, ತೂಕ ನೋಡಿ, ತಿರುಗಿಸಿ ತಿರುಗಿಸಿ ತಯಾರು ಮಾಡಿದ ಬುಗುರಿ ಒಂದು ಗುದ್ದಿಗೆ ಪಕ್ಕದ ಬೀದಿಯ ಹುಡುಗನ ಜೇಬಿಗೆ ಹೋಗುತ್ತದೆ. ಹಾಗಾದರೆ ಒಳ್ಳೆಯದನ್ನು ಕಣಕ್ಕಿಳಿಸಬೇಕೋ, ಸಾಧಾರಣದ್ದನ್ನು ಇಳಿಸಬೇಕೋ? ಒಳ್ಳೆಯದನ್ನು ಮನೆಯಲ್ಲಿಟ್ಟರೆ ಗೆಲ್ಲುವುದು ಹೇಗೆ? ಬೇಬ್ಲೇಡ್‌ನಲ್ಲಿ ಈ ಪೇಚಾಟ ಇಲ್ಲ. ಜಪಾನಿನ ಶಾಲೆಗಳು ಇದನ್ನು ಜೂಜು ಅಂತ ನಿಷೇಧಿಸಿದವು, ಹುಡುಗರು ಕದ್ದು ಆಡಿದರು. ಇವತ್ತು ಮಕ್ಕಳಿಗೆ ಕಲಿಸುವ ಕಡೆ ಉಸೊಕೊ ನಿಯಮವೇ. ಮನೆಯಲ್ಲೂ ಹಾಗೇ ಶುರು ಮಾಡಿ. ದೊಡ್ಡವರು ದೊಡ್ಡವರೇ ಆಡುವಾಗ ಒಂದು ಸಲ ಹೊಂಕೊ ಆಡಿ ನೋಡಿ, ಎಸೆಯುವ ಕೈ ಹೇಗೆ ಬದಲಾಗುತ್ತದೆ ಅಂತ ಗೊತ್ತಾಗುತ್ತದೆ.

ಉಜ್ಜುವುದು

ಕೈ ಕುದುರಿದ ಮೇಲೆ ಇಲ್ಲಿಗೆ ಬನ್ನಿ, ಮೊದಲೇ ಬೇಡ.

ಎತ್ತರದ ಬುಗುರಿ ಯಾಕೆ ಸೋಲುತ್ತದೆ ಅಂತ ಗಮನಿಸಿದರೆ ಏನು ಉಜ್ಜಬೇಕು ಅನ್ನುವುದು ತಾನೇ ತಿಳಿಯುತ್ತದೆ. ಚಪ್ಪಟೆ ಬುಗುರಿಯ ಅಂಚು ಎದುರಾಳಿಯ ಅಗಲವಾದ ಭಾಗಕ್ಕಿಂತ ಕೆಳಗೆ ತಾಗುತ್ತದೆ. ಕೆಳಗಿನಿಂದ ಎತ್ತಿ ಒಗೆದಂತೆ. ಎತ್ತರದ್ದು ಮಗುಚಿ ಹೊರಗೆ ಹೋಗುತ್ತದೆ. ಹಾಗಾಗಿ ಎತ್ತರ ಕಮ್ಮಿ ಮಾಡುವುದು ಮೊದಲ ಕೆಲಸ, ಅಂಚನ್ನು ಚೂಪು ಮಾಡುವುದು ಎರಡನೆಯದು. ಜಪಾನಿನ ಹುಡುಗರು ಕಾಂಕ್ರೀಟು, ರಸ್ತೆ, ಕಲ್ಲು ಎಲ್ಲದರ ಮೇಲೂ ಉಜ್ಜುತ್ತಿದ್ದರು. ನಿಮಗೆ ಗ್ಯಾರೇಜಿನವರ ಬಳಿ ಇರುವಂಥ ಕಬ್ಬಿಣ ಉಜ್ಜುವ ಅರ ಸಾಕು, ಕೊನೆಗೆ ಸ್ಯಾಂಡ್‌ಪೇಪರ್.

ಆರು ಮೂಲೆಯ ಕಾಕುರೊಕು ಉಜ್ಜಲು ಒಳ್ಳೆಯದು, ಯಾಕೆಂದರೆ ಆರು ಬದಿಯನ್ನೂ ಸಮವಾಗಿ ಉಜ್ಜಿದಿರೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಮೊನೆ ಮೊಂಡು ಮಾಡಿ ಎತ್ತರ ಇಳಿಸುವಾಗ ಹುಷಾರು. ಮೊನೆ ನಡುವಿನಿಂದ ಕೂದಲೆಳೆಯಷ್ಟು ಆಚೀಚೆ ಸರಿದರೂ ಬುಗುರಿ ನಡುಗುತ್ತದೆ. ಸ್ವಲ್ಪ ಉಜ್ಜಿ, ತಿರುಗಿಸಿ ನೋಡಿ, ಮತ್ತೆ ಸ್ವಲ್ಪ ಉಜ್ಜಿ. ಎರಕದ ಕಬ್ಬಿಣ ಬಾಗುವ ಜಾತಿಯಲ್ಲ, ಬಡಿದರೆ ಚಕ್ಕೆ ಏಳುತ್ತದೆ. ಸುತ್ತಿಗೆ ಮುಟ್ಟಬೇಡಿ.

ಮುಖದ ಮೇಲಿನ ಅಕ್ಷರದ ತಗ್ಗಿಗೆ ಬಣ್ಣ ತುಂಬುವುದು ಒಂದು ಶೋಕಿ. ಕ್ರೇಯಾನ್ ಕರಗಿಸಿ ಸುರಿದರೆ ಆಯಿತು. ಹಿಂದೆ ತೂಕಕ್ಕೆ ಸೀಸ ಕರಗಿಸಿ ಹಾಕುವವರೂ ಇದ್ದರು, ಅದು ವಿಷ. ಅದರ ಗೋಜಿಗೆ ಹೋಗಬೇಡಿ.

ಎಡಗೈಯವರ ಅನುಕೂಲ

ಎಲ್ಲರೂ ಬಲಗೈಯವರೇ ಆದರೆ ಎಲ್ಲ ಬುಗುರಿಗಳೂ ಒಂದೇ ದಿಕ್ಕಿಗೆ ತಿರುಗುತ್ತವೆ. ಒಂದೇ ದಿಕ್ಕಿಗೆ ತಿರುಗುವ ಎರಡು ಬುಗುರಿ ಪಕ್ಕಪಕ್ಕ ಬಂದರೆ, ತಾಗುವ ಜಾಗದಲ್ಲಿ ಅವುಗಳ ಅಂಚುಗಳು ಎದುರುಬದುರಾಗಿ ಓಡುತ್ತಿರುತ್ತವೆ. ಅದಕ್ಕೇ ಆ ಠಣ್ ಸದ್ದು, ಆ ಹಾರಾಟ. ಎಡಗೈಯವರ ಬುಗುರಿ ಎದುರು ದಿಕ್ಕಿಗೆ ತಿರುಗುತ್ತದೆ. ಅದು ಬೇರೆಯವರದಕ್ಕೆ ತಾಗಿದಾಗ ಅಂಚುಗಳು ಒಂದೇ ಕಡೆಗೆ ಓಡುತ್ತಿರುತ್ತವೆ, ಗುದ್ದು ಮೆತ್ತಗಾಗುತ್ತದೆ. ಎದುರಾಳಿಯ ಹರಿತವಾದ ಅಂಚು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕೊನೆಯವರೆಗೆ ಕಣದಲ್ಲಿ ಉಳಿಯುವ ಆಟಕ್ಕೆ ಇದು ಬಲ. ಬೇಬ್ಲೇಡ್‌ನಲ್ಲಿ ಎಡಕ್ಕೆ ತಿರುಗುವ ಮಾದರಿಗಳನ್ನೇ ಬೇರೆ ಮಾಡಿ ಮಾರುತ್ತಾರೆ. ಇಲ್ಲಿ ಸುತ್ತುವ ದಿಕ್ಕು ಬದಲಿಸಿದರೆ ಸಾಕು, ಬಲಗೈಯವರೂ ಕಲಿಯಬಹುದು.

ಒಡೆಯುವ ಆಟ ಇಷ್ಟವಾದರೆ

ಗುನ್ನ ಹೊಡೆದು ಬೇರೆಯವರ ಬುಗುರಿ ಸೀಳುವುದರಲ್ಲಿ ಖುಷಿ ಕಂಡವರಿಗೆ ಬೇಗೋಮ ಸಪ್ಪೆ ಅನಿಸಬಹುದು. ಅಂಥವರು ನಾಗಾಸಾಕಿ ಪ್ರಾಂತ್ಯದ ಬಂದರು ನಗರ ಸಸೆಬೊ ಕಡೆ ನೋಡಬೇಕು. ಅಲ್ಲಿಯದು ಮರದ ಬುಗುರಿ, ಸಣ್ಣ ಈರುಳ್ಳಿಯ ಆಕಾರ, ಕೆಳಗೆ ಕಬ್ಬಿಣದ ಮೊನೆ, ಮೇಲೆ ಐದು ಬಣ್ಣದ ಪಟ್ಟೆ. ‘ಇಕಿನಾಗಾ ಶೋಮೊನ್‌ಶೋ ಕುರಾಬೆ’ ಅಂತ ಕೂಗಿ ಎಸೆಯುತ್ತಾರೆ. ಯಾರದು ಹೆಚ್ಚು ಹೊತ್ತು ತಿರುಗುತ್ತದೆ ಅನ್ನುವ ಪೈಪೋಟಿ ಅದು. ಅದರ ಜೊತೆಗೆ, ಮೇಲಿನಿಂದ ಬೀಸಿ ಎದುರಾಳಿಯ ಬುಗುರಿಗೆ ಮೊನೆ ನಾಟಿಸುವ ಕಾದಾಟ. ನಮ್ಮ ಹಳ್ಳಿಗಳಲ್ಲಿ ಬುಗುರಿ ಆಡಿದವರನ್ನು ಅಲ್ಲಿ ಕರೆದುಕೊಂಡು ಹೋಗಿ ಬಿಟ್ಟರೆ ನಿಯಮ ಕೇಳದೆಯೇ ಆಟಕ್ಕಿಳಿಯುತ್ತಾರೆ.

ತರಿಸುವುದು, ಇಟ್ಟುಕೊಳ್ಳುವುದು

ಬೇಗೋಮ ಸಾಮಾನ್ಯವಾಗಿ ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ. ಜಪಾನಿನಲ್ಲಿ ಕೆಲಸಕ್ಕಿರುವ ನೆಂಟರೋ ಸ್ನೇಹಿತರೋ ಬರುವಾಗ ಹೇಳಿ ತರಿಸಿ, ಹಳೇ ಮಾದರಿಯ ಮಿಠಾಯಿ ಅಂಗಡಿಗಳಲ್ಲಿ, ಸಾಂಪ್ರದಾಯಿಕ ಆಟಿಕೆಗಳ ಅಂಗಡಿಗಳಲ್ಲಿ ನೋಡಲು ಹೇಳಿ. ಬೇರೆ ಬೇರೆ ಆಕಾರದವು ಒಂದೇ ಪ್ಯಾಕೆಟ್ಟಿನಲ್ಲಿ ಸಿಕ್ಕಿದರೆ ಅದೇ ಒಳ್ಳೆಯದು. ಕಬ್ಬಿಣದ ಗಟ್ಟಿಗಳಾದ್ದರಿಂದ ಕೈಚೀಲದಲ್ಲಿ ಬೇಡ, ದೊಡ್ಡ ಸೂಟ್‌ಕೇಸಿನಲ್ಲಿ ಹಾಕಲಿ.

ಬಣ್ಣ ಬಳಿಯದ ಎರಕದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಒದ್ದೆ ಹುರಿ ಸುತ್ತುವುದರಿಂದ ಇನ್ನೂ ಬೇಗ. ಮಂಗಳೂರು, ಕಾರವಾರದ ಕಡೆಯವರಿಗೆ ಮಳೆಗಾಲದಲ್ಲಿ ಒಂದೇ ರಾತ್ರಿ ಸಾಕು. ಆಟ ಮುಗಿದ ಮೇಲೆ ಹುರಿ ಬಿಚ್ಚಿ ಬಿಸಿಲಿಗೆ ಹಾಕಿ. ಬುಗುರಿಯನ್ನು ಬಟ್ಟೆಯಿಂದ ಒರೆಸಿ, ಹೊಲಿಗೆ ಮಿಷಿನ್ನಿನ ಎಣ್ಣೆ ಒಂದು ತೊಟ್ಟು ಸವರಿ ಡಬ್ಬದಲ್ಲಿಡಿ. ಮುಂದಿನ ಸಲ ಆಡುವ ಮೊದಲು ಆ ಎಣ್ಣೆಯನ್ನು ಪೂರ್ತಿ ಒರೆಸಿ, ಇಲ್ಲದಿದ್ದರೆ ಹುರಿ ನಿಲ್ಲುವುದಿಲ್ಲ.